ಬಾಂದ್ ಕಲ್ಲು ಹುಡುಕಿದ್ದು: ಶಿಡ್ಲಘಟ್ಟ, ಅರಬ್ಬೀ ಸಮುದ್ರ, ಮತ್ತೆ ಶಿಡ್ಲಘಟ್ಟ

ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಹೊಲ ಅರಬ್ಬೀ ಸಮುದ್ರದಲ್ಲಿತ್ತು.

ಲ್ಯಾಪ್‌ಟಾಪ್ ಮೇಲೆ ನಾಲ್ಕು ಕೆಂಪು ಚುಕ್ಕೆ. ಸುತ್ತ ಬರೀ ನೀಲಿ. ಹಿಂದಿನಿಂದ ಬಗ್ಗಿ ನೋಡಿದ ಚಿಕ್ಕಪ್ಪ, “ಏನಪ್ಪಾ ಇದು, ಕೆರೆನಾ?” ಅಂದರು. ಸಮುದ್ರ ಅಂದೆ. “ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಬರೀ ಧೂಳು ಬಂದ ಜಾಗ ಅದು. ನೀನು ಸಮುದ್ರನೇ ತಂದ್ಬಿಟ್ಯಲ್ಲಪ್ಪ,” ಅಂತ ನಗುತ್ತಾ ಮಲಗಲು ಹೋದರು.

ಹೊಲ ಇರುವುದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. 2 ಎಕರೆ 10 ಗುಂಟೆ. ತಾತನ ಕಾಲದಿಂದ ರಾಗಿ, ಅವರೆ. ಈ ಸಲ ಹಿಪ್ಪುನೇರಳೆ ನಾಟಿ ಮಾಡಿ ಸುತ್ತ ಬೇಲಿ ಹಾಕಿಸಬೇಕು ಅಂತ ಚಿಕ್ಕಪ್ಪನ ಆಸೆ. ಬೇಲಿ ಅಂದ ಮೇಲೆ ಬಾಂದ್ ಕಲ್ಲು, ಅಂದರೆ ಹೊಲದ ಗಡಿ ಮೂಲೆಗೆ ನೆಟ್ಟ ಕಲ್ಲು, ಬೇಕಲ್ವಾ? ದಕ್ಷಿಣದ ಎರಡು ಮೂಲೆಯ ಕಲ್ಲು ಕಣ್ಣಿಗೆ ಕಾಣುತ್ತವೆ. ಉತ್ತರದ ಎರಡು ಎಲ್ಲಿವೆ ಅಂತ ಯಾರಿಗೂ ಗೊತ್ತಿಲ್ಲ. ಕೇಳಿದವರೆಲ್ಲ “ಅಲ್ಲೇ ಎಲ್ಲೋ ಇತ್ತು ಕಣಪ್ಪ” ಅಂತ ಕೈಯನ್ನು ಅರ್ಧ ಎಕರೆಯಷ್ಟು ಅಗಲಕ್ಕೆ ಬೀಸುತ್ತಾರೆ.

ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೇಯರ್ ಬಂದು ಗಡಿ ಅಳೆಯುವುದಕ್ಕೆ, ಅರ್ಜಿ ಹಾಕುವುದು ಹೇಗೂ ಇದ್ದೇ ಇದೆ. ಅದಕ್ಕೆ ಮೊದಲು ಕಲ್ಲು ಎಲ್ಲಿರಬೇಕು ಅಂತ ನಮಗೇ ಒಂದು ಅಂದಾಜು ಸಿಕ್ಕರೆ ಲಂಟಾನ ಪೊದೆಯನ್ನಾದರೂ ಕಡಿದು ಇಡಬಹುದು. ಅಷ್ಟೇ ನನ್ನ ಯೋಜನೆ. ಎರಡು ಭಾನುವಾರ ಸಾಕು ಅಂದುಕೊಂಡಿದ್ದೆ. ಐದು ಹಿಡಿಯಿತು.

ಟ್ರಂಕಿನಲ್ಲಿ ಸಿಕ್ಕ ಕಾಗದಗಳು ಇವು: ಪಹಣಿ, ಹಳೇ ಸರ್ವೆ ಟಿಪ್ಪಣಿಯ ಜೆರಾಕ್ಸ್, ಗ್ರಾಮ ನಕ್ಷೆ, ಯಾವ ಕಾಲದ್ದೋ ಒಂದು ಟೋಪೋ ಶೀಟಿನ (ಇಡೀ ಸೀಮೆಯ ಊರು, ಕೆರೆ, ಗುಡ್ಡ ತೋರಿಸುವ ಸರ್ಕಾರಿ ನಕ್ಷೆ) ಜೆರಾಕ್ಸ್, ಬೋರ್ ಪಾಯಿಂಟ್ ಮಾಡಿದವರು ಬರೆದುಕೊಟ್ಟ ಚೀಟಿ, ಮತ್ತೆ ಕೆಲವು ವರ್ಷದ ಹಿಂದೆ ಒಬ್ಬ ಲೈಸೆನ್ಸ್ ಸರ್ವೇಯರ್ ಅಳೆದು ಕೊಟ್ಟ ಒಂದು ಹಾಳೆ. ಸಾಮಾನು ಅಂದರೆ ನನ್ನ ಫೋನು, ಕ್ಯುಜಿಐಎಸ್ ಹಾಕಿದ ಲ್ಯಾಪ್‌ಟಾಪ್ (ನಕ್ಷೆ ಕೆಲಸದ ಸಾಫ್ಟ್‌ವೇರ್, ದುಡ್ಡಿಲ್ಲ), 30 ಮೀಟರ್ ಟೇಪು, ಹಾರೆ, ಮಚ್ಚು.

ಮೊದಲು ಬೋರ್‌ವೆಲ್ ಚೀಟಿ ಹಿಡಿದೆ, ಅದು ಸುಲಭ ಅಂತ. ಅದರಲ್ಲಿ 13-24-36, 77-59-36 ಅಂತಿತ್ತು. (ಸೆಕೆಂಡುಗಳನ್ನು ಇಲ್ಲಿ ಬದಲಿಸಿದ್ದೇನೆ, ನಮ್ಮ ಬತ್ತಿದ ಬೋರ್ ಹುಡುಕಿಕೊಂಡು ಬರಬೇಡಿ.) ಫೋನಿನ ಮ್ಯಾಪಿನಲ್ಲಿ 13.2436, 77.5936 ಅಂತ ಹೊಡೆದೆ. ಪಿನ್ನು ಹೋಗಿ ದೊಡ್ಡಬಳ್ಳಾಪುರದ ಆಚೆಈಚೆ ಕೂತಿತು. ಹೆಚ್ಚುಕಡಿಮೆ 47 ಕಿಲೋಮೀಟರ್ ದೂರ.

ತಪ್ಪು ಏನು ಅಂದರೆ, ಚೀಟಿಯಲ್ಲಿ ಇದ್ದದ್ದು ಡಿಗ್ರಿ, ನಿಮಿಷ, ಸೆಕೆಂಡು. ಗಡಿಯಾರದ ಹಾಗೆ ಅರವತ್ತರ ಲೆಕ್ಕ. ಒಂದೂಕಾಲು ಗಂಟೆಯನ್ನು ಯಾರಾದರೂ 1.15 ಗಂಟೆ ಅಂತ ಬರೆದು ಗುಣಾಕಾರ ಮಾಡಿದರೆ ಏನಾಗುತ್ತದೋ ಅದೇ ಇಲ್ಲೂ ಆಗಿದ್ದು. ಸರಿಯಾಗಿ ಮಾಡುವುದು ಹೀಗೆ: 36 ಸೆಕೆಂಡನ್ನು 60ರಿಂದ ಭಾಗಿಸಿದರೆ 0.6. ಅದಕ್ಕೆ 24 ಸೇರಿಸಿ 24.6. ಅದನ್ನು ಮತ್ತೆ 60ರಿಂದ ಭಾಗಿಸಿದರೆ 0.41. ಹಾಗಾಗಿ 13.41. ರೇಖಾಂಶ ಇದೇ ರೀತಿ 77.99333.

ನಮ್ಮ ಕಡೆ ಒಂದು ನಿಮಿಷ ಅಂದರೆ 1.8 ಕಿಲೋಮೀಟರ್, ಒಂದು ಸೆಕೆಂಡ್ ಅಂದರೆ 30 ಮೀಟರ್. ದಶಮಾಂಶದಲ್ಲಿ ಐದನೇ ಅಂಕಿ ಒಂದು ಮೀಟರ್ ಸುಮಾರು. ಕೆಲವು ಆ್ಯಪ್‌ಗಳು ಎಂಟು ಅಂಕಿ ತೋರಿಸುತ್ತವೆ. ಎಂಟನೇ ಅಂಕಿ ಒಂದು ಮಿಲಿಮೀಟರ್! ನಾಲ್ಕೈದು ಮೀಟರ್ ಅತ್ತಿತ್ತ ತೂಗಾಡುವ ಫೋನು ಮಿಲಿಮೀಟರ್ ಹೇಳುತ್ತಿದೆ ಅಂದರೆ ನಂಬುವವರು ನಂಬಲಿ.

ಮುಂದೆ ಅದೇ ಅಂಕಿಯನ್ನು ಸಿಎಸ್‌ವಿ ಫೈಲ್ ಮಾಡಿ ಕ್ಯುಜಿಐಎಸ್‌ಗೆ ಹಾಕಿದೆ. ಈ ಸಲ ಬೋರ್‌ವೆಲ್ ನಾರ್ವೆಯ ಸ್ವಾಲ್ಬಾರ್ಡ್ ದಂಡೆಗೆ ಹೋಯಿತು. ಹಿಮಕರಡಿಗಳ ಊರು. ಫೋನಿನಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಕ್ಯುಜಿಐಎಸ್ ಕೇಳುವುದು ಎಕ್ಸ್ ಮತ್ತು ವೈ. ಎಕ್ಸ್ ಅಂದರೆ ಪೂರ್ವ-ಪಶ್ಚಿಮ, ಅಂದರೆ ರೇಖಾಂಶ. ನಾನು ಫೋನಿನ ಅಭ್ಯಾಸದಲ್ಲಿ 13ನ್ನು ಎಕ್ಸ್‌ಗೆ, 77ನ್ನು ವೈಗೆ ಕೊಟ್ಟಿದ್ದೆ. ಇದು ಎರಡು ನಿಮಿಷದಲ್ಲಿ ಸರಿಯಾಯಿತು. ಬೋರ್‌ವೆಲ್ ನಮ್ಮ ಹೊಲಕ್ಕೆ ಬಂದು ಕೂತಿತು. ಸ್ಯಾಟಲೈಟ್ ಚಿತ್ರದಲ್ಲಿ ಕೇಸಿಂಗ್ ಪೈಪಿನ ಪಕ್ಕದ ಹೊಂಗೆ ಮರ ಕೂಡ ಕಂಡಿತು.

ಆಮೇಲೆ ತೆಗೆದದ್ದೇ ಆ ಸರ್ವೇಯರ್ ಹಾಳೆ. ನಾಲ್ಕು ಮೂಲೆ, ಎರಡು ಕಾಲಂ. ಈಸ್ಟಿಂಗ್ ಅಂತ ಒಂದು, ನಾರ್ತಿಂಗ್ ಅಂತ ಒಂದು. ಈಸ್ಟಿಂಗ್ ಎಲ್ಲವೂ 1,74,000 ಚಿಲ್ಲರೆ. ನಾರ್ತಿಂಗ್ 14,84,000 ಚಿಲ್ಲರೆ. ಮೀಟರಿನಲ್ಲಿ, ಮೂರು ದಶಮಾಂಶದವರೆಗೆ. ನೋಡಿದರೇ ಗೌರವ ಬರುತ್ತದೆ.

ಇದು ಯುಟಿಎಂ ಅಂತ ಗೊತ್ತಿತ್ತು. ಭೂಮಿಯನ್ನು ಹಲಸಿನ ತೊಳೆಯ ಹಾಗೆ 6 ಡಿಗ್ರಿಗೊಂದರಂತೆ 60 ಪಟ್ಟಿ ಮಾಡಿ, ಒಂದೊಂದನ್ನೂ ಬೇರೆ ಬೇರೆ ಚಪ್ಪಟೆ ಮಾಡುವ ಪದ್ಧತಿ. ಪ್ರತಿ ಪಟ್ಟಿಗೆ ಒಂದು ನಂಬರು, ಅದೇ ಝೋನ್. ಪಟ್ಟಿಯ ನಡುಗೆರೆಗೆ 5,00,000 ಮೀಟರ್ ಅಂತ ಹೆಸರಿಟ್ಟು, ಅಲ್ಲಿಂದ ಪೂರ್ವಕ್ಕೆ ಹೋದರೆ ಕೂಡಿಸುವುದು, ಪಶ್ಚಿಮಕ್ಕೆ ಹೋದರೆ ಕಳೆಯುವುದು. ನಾರ್ತಿಂಗ್ ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ಮೀಟರ್ ಅಂತ.

ಕರ್ನಾಟಕ 43ನೇ ಝೋನ್ ಅಂತ ಎಲ್ಲೋ ಓದಿದ್ದೆ. 43 ಅಂತ ಕೊಟ್ಟೆ. ಅದಕ್ಕೇ ಹೊಲ ಸಮುದ್ರಕ್ಕೆ ಬಿದ್ದದ್ದು.

ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. 43ನೇ ಝೋನ್ ಶುರುವಾಗುವುದು 72 ಡಿಗ್ರಿಗೆ, ಮುಗಿಯುವುದು 78 ಡಿಗ್ರಿಗೆ. ನಡುಗೆರೆ 75. ಈಸ್ಟಿಂಗ್ 1,74,000 ಅಂದರೆ ನಡುಗೆರೆಯಿಂದ 3,26,000 ಮೀಟರ್ ಪಶ್ಚಿಮ, ಅಂದರೆ ಮೂರು ಡಿಗ್ರಿ. 75ರಲ್ಲಿ 3 ಹೋದರೆ 72. ಅಲ್ಲಿ ನೀರೇ ಇರುವುದು. ಈಗ ಅದೇ ಸಂಖ್ಯೆಯನ್ನು 44ನೇ ಝೋನ್‌ಗೆ ಹಾಕಿ ನೋಡಿ. ನಡುಗೆರೆ 81. ಮೂರು ಹೋದರೆ 78. ಅದೇ ನಮ್ಮೂರು!

78 ಡಿಗ್ರಿ ಗೆರೆ ನಮ್ಮ ಹೊಲದಿಂದ ಪೂರ್ವಕ್ಕೆ ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಬಾಗೇಪಲ್ಲಿ 43ರಲ್ಲಿ. ಚಿಂತಾಮಣಿ 44ರಲ್ಲಿ. ಕೋಲಾರ ಜಿಲ್ಲೆಯಲ್ಲೂ ಇದೇ ಕಥೆ: ಮಾಲೂರು 43, ಕೋಲಾರ, ಮುಳಬಾಗಿಲು, ಕೆಜಿಎಫ್ 44. ತುಮಕೂರಿನವರಿಗೆ ಈ ತಲೆನೋವಿಲ್ಲ, ಇಡೀ ಜಿಲ್ಲೆ 43ರ ಹೊಟ್ಟೆಯಲ್ಲಿದೆ. “ಕರ್ನಾಟಕ ಅಂದರೆ 43” ಅಂತ ಬರೆದವರು ಬಹುಶಃ ನಮ್ಮ ಕಡೆ ಬಂದಿಲ್ಲ.

ಸರ್ವೇಯರ್ ಮಾಡಿದ್ದು ತಪ್ಪು ಅನ್ನಲಾರೆ. ಅವರಿಗೆ ಆ ವಾರ ಚಿಂತಾಮಣಿ ಕಡೆ ಕೆಲಸ ಇತ್ತಂತೆ, ಯಂತ್ರ 44ಕ್ಕೆ ಹೊಂದಿಸಿದ್ದು ಹಾಗೇ ಇತ್ತು. ಪಟ್ಟಿಯ ಅಂಚಿನಲ್ಲಿ ಒಂದು ಕಿಲೋಮೀಟರ್ ಆಚೆ ಹೋದರೂ ಲೆಕ್ಕ ಕೆಡುವುದಿಲ್ಲ. ಆದರೆ ಹಾಳೆಯ ಮೂಲೆಯಲ್ಲಿ “44” ಅಂತ ಎರಡು ಅಂಕಿ ಬರೆದಿದ್ದರೆ ನನಗೆ ಒಂದು ರಾತ್ರಿ ಉಳಿಯುತ್ತಿತ್ತು.

ನಮ್ಮ ಹೊಲ 43ರ ಲೆಕ್ಕದಲ್ಲಿ ಈಸ್ಟಿಂಗ್ 8,24,000 ಚಿಲ್ಲರೆ, 44ರ ಲೆಕ್ಕದಲ್ಲಿ 1,74,000 ಚಿಲ್ಲರೆ. ಸರಿಯಾಗಿ 78 ಡಿಗ್ರಿ ಗೆರೆ ಮೇಲೆ ನಿಂತರೆ ಎರಡೂ ಕೂಡಿದಾಗ 10 ಲಕ್ಷ ಬರುತ್ತದೆ. ನಮ್ಮದು ಕೂಡಿದರೆ ಸುಮಾರು 1,450 ಕಡಿಮೆ ಬಂತು. ಅದರ ಅರ್ಧ, ಅಂದರೆ 725 ಮೀಟರ್, ಗೆರೆಯಿಂದ ನಾವು ಇರುವ ದೂರ. ಈ ಆಟ ನನಗೆ ತುಂಬಾ ಹಿಡಿಸಿತು. ನೆಂಟರು ಬಂದಾಗಲೂ ಹೇಳಿದೆ. ಅವರಿಗೆ ಅಷ್ಟು ಹಿಡಿಸಲಿಲ್ಲ.

ಕ್ಯುಜಿಐಎಸ್‌ನಲ್ಲಿ ಝೋನ್ ಆರಿಸುವಾಗ ಇಪಿಎಸ್‌ಜಿ ನಂಬರು ಕೇಳುತ್ತದೆ, ಅಂದರೆ ಒಂದೊಂದು ಅಳತೆ ಪದ್ಧತಿಗೂ ಇಟ್ಟಿರುವ ಗುರುತಿನ ಸಂಖ್ಯೆ. ಜಿಪಿಎಸ್ ಬಳಸುವ ಡಿಗ್ರಿ ಲೆಕ್ಕ, ಡಬ್ಲ್ಯುಜಿಎಸ್ 84, ಆದರೆ 4326. ಯುಟಿಎಂ 43 (ಉತ್ತರಾರ್ಧ ಗೋಳ) ಆದರೆ 32643. 44 ಆದರೆ 32644. ನಾನು ಈ ಮೂರನ್ನು ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೇನೆ. 32644 ಕೊಟ್ಟ ಮೇಲೆ ನಾಲ್ಕು ಚುಕ್ಕೆ ಸಮುದ್ರ ಬಿಟ್ಟು ಹೊಲಕ್ಕೆ ಬಂದವು. ಚಿಕ್ಕಪ್ಪನಿಗೆ ತೋರಿಸಿದೆ. “ಈಗ ನೀರು ಹೋಯ್ತು,” ಅಂದರು.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ. ಎರಡನೇ ಭಾನುವಾರ ಹಾಳೆಯ ಈಶಾನ್ಯ ಮೂಲೆಯ ಅಂಕಿ ಫೋನಿಗೆ ಹಾಕಿ ನಡೆದುಕೊಂಡು ಹೋದೆವು. ಫೋನು ಕರೆದುಕೊಂಡು ಹೋಗಿ ಒಂದು ಬೇವಿನ ಮರದ ಬುಡಕ್ಕೆ ನಿಲ್ಲಿಸಿತು. ಕಲ್ಲಿಲ್ಲ. ಚಿಕ್ಕಪ್ಪನಿಗೆ ಆಗ ನೆನಪಾಯಿತು: “ಅವತ್ತೂ ಕಲ್ಲು ಸಿಕ್ಕಿರಲಿಲ್ಲ ಕಣಪ್ಪ. ಈ ಮರವೇ ಮೂಲೆ ಅಂತ ನಿಮ್ಮ ತಾತ ತೋರಿಸಿದ್ರು. ಸರ್ವೇಯರ್ ಮರಕ್ಕೇ ಕೋಲು ಹಿಡಿದ್ರು.”

ಅಂದರೆ ಮೂರು ದಶಮಾಂಶದ ಆ ಅಂಕಿ ಬೇವಿನ ಮರದ್ದು. ಮರ ಎಲ್ಲಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತು, ಕಲ್ಲು ಎಲ್ಲಿದೆ ಅಂತ ಗೊತ್ತಿಲ್ಲ. ಮತ್ತೆ ಟ್ರಂಕಿಗೆ ಕೈ ಹಾಕಬೇಕಾಯಿತು.

ಟೋಪೋ ಶೀಟಿನಿಂದ ನಮ್ಮಂಥ ಕೆಲಸಕ್ಕೆ ಉಪಯೋಗ ಕಡಿಮೆ. 1:50,000, ಅಂದರೆ ಕಾಗದದ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ನಮ್ಮ ಹೊಲ ಅದರಲ್ಲಿ ಒಂದು ರಾಗಿ ಕಾಳು. ಆದರೂ ಕುತೂಹಲಕ್ಕೆ ಕೆರೆ ಏರಿಯ ಮೇಲಿನ ಗುಡಿಯ ಅಕ್ಷಾಂಶ ರೇಖಾಂಶ ಓದಿ ಫೋನಿಗೆ ಹಾಕಿದೆ. ಪಿನ್ನು ಗುಡಿಯಿಂದ ಆಗ್ನೇಯಕ್ಕೆ ಸುಮಾರು 200 ಮೀಟರ್ ದೂರ ಬಿತ್ತು. ಶೀಟಿನ ಮೇಲೆ 200 ಮೀಟರ್ ಅಂದರೆ 4 ಮಿಲಿಮೀಟರ್. ಕಣ್ಣು ತಪ್ಪಿ ಅಷ್ಟು ಆಗುವುದಿಲ್ಲ.

ಕಾರಣ ಹಳೆಯದು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಅಧಿಕಾರಿ ಮದ್ರಾಸಿನಲ್ಲಿ ಶುರು ಮಾಡಿದ ದೊಡ್ಡ ಸರ್ವೆಯನ್ನು ಆಮೇಲೆ ಜಾರ್ಜ್ ಎವರೆಸ್ಟ್ ಮುಂದುವರಿಸಿದರು. ಭೂಮಿ ಎಷ್ಟು ದಪ್ಪ, ಎಷ್ಟು ಚಪ್ಪಟೆ ಅಂತ 1830ರಲ್ಲಿ ಅವರು ಕೊಟ್ಟ ಲೆಕ್ಕವನ್ನೇ ನಮ್ಮ ಹಳೇ ನಕ್ಷೆಗಳು ಇಟ್ಟುಕೊಂಡವು. ಅದರ ಮೂಲ ಬಿಂದು ಮಧ್ಯಪ್ರದೇಶದ ಕಲ್ಯಾಣಪುರ. ಇವತ್ತಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಭೂಮಿಯ ಕೇಂದ್ರದಿಂದ ಲೆಕ್ಕ ಹಾಕುತ್ತದೆ. ಎವರೆಸ್ಟ್ ಲೆಕ್ಕದಲ್ಲಿ ಭೂಮಧ್ಯರೇಖೆಯ ಹತ್ತಿರ ಭೂಮಿಯ ತ್ರಿಜ್ಯ ಈಗಿನದಕ್ಕಿಂತ 860 ಮೀಟರ್ ಚಿಲ್ಲರೆ ಚಿಕ್ಕದು. ಎರಡು ಬೇರೆ ಗೋಳದ ಮೇಲೆ ಬರೆದ ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಕ್ಯುಜಿಐಎಸ್‌ಗೆ ಈ ಶೀಟು ಕಲ್ಯಾಣಪುರ 1975 ಲೆಕ್ಕದ್ದು, ಅಂದರೆ 4146, ಅಂತ ಹೇಳಿದ ಮೇಲೆ ಗುಡಿ ಗುಡಿಯ ಹತ್ತಿರವೇ ಬಂತು.

ಶೀಟಿನ ನಂಬರು 57 ಜಿ/15. ಅದರ ಬಲ ಅಂಚು ಸರಿಯಾಗಿ 78 ಡಿಗ್ರಿ. ಅಲ್ಲಿಂದಾಚೆ 57 ಕೆ/3 ಶುರು. ನಮ್ಮೂರು ಪಾಪ, ಯಾವ ನಕ್ಷೆಯಲ್ಲೂ ಅಂಚಿಗೇ.

ಮೂರನೇ ಭಾನುವಾರ ಗ್ರಾಮ ನಕ್ಷೆ. ಇದರಲ್ಲಿ ಅಕ್ಷಾಂಶವೂ ಇಲ್ಲ ರೇಖಾಂಶವೂ ಇಲ್ಲ. ಸರ್ವೆ ನಂಬರುಗಳು, ಕೆರೆ, ಬಂಡಿದಾರಿ, ಗುಂಡುತೋಪು ಇಷ್ಟೇ. ನಕ್ಷೆ ಊರಿನೊಳಗಿನ ಸಂಬಂಧ ಹೇಳುತ್ತದೆ, ಭೂಮಿಯ ಮೇಲೆ ಊರು ಎಲ್ಲಿದೆ ಅಂತ ಹೇಳುವುದಿಲ್ಲ. ಅದನ್ನು ನಾವೇ ಕೂಡಿಸಬೇಕು. ನಕ್ಷೆಯಲ್ಲೂ ನೆಲದಲ್ಲೂ ಗುರುತು ಸಿಗುವ ಜಾಗಗಳನ್ನು ಆರಿಸಿ, “ಇದು ಅಲ್ಲಿದೆ” ಅಂತ ಕ್ಯುಜಿಐಎಸ್‌ಗೆ ಒಂದೊಂದಾಗಿ ಹೇಳಿಕೊಡುವ ಕೆಲಸ. ಜಿಯೋರೆಫರೆನ್ಸಿಂಗ್ ಅನ್ನುತ್ತಾರೆ.

ಐದು ಜಾಗ ಆರಿಸಿದೆ: ಕೆರೆ ತೂಬು, ಮೂರು ಊರಿನ ಗಡಿ ಸೇರುವ ಕಲ್ಲು, ಗುಂಡುತೋಪಿನ ಮೂಲೆ, ಹೊಲದ ಆಗ್ನೇಯ ಕಲ್ಲು, ಊರ ಬಾಗಿಲ ಅರಳಿಕಟ್ಟೆ. ಒಂದೊಂದು ಕಡೆಯೂ ಹತ್ತು ನಿಮಿಷ ಫೋನು ಇಟ್ಟು, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ ಇಟ್ಟು, ಸರಾಸರಿ ತೆಗೆದೆ. ಕೂಡಿಸಿ ನೋಡಿದರೆ ಇಡೀ ನಕ್ಷೆ ಸೊಟ್ಟ. ತೂಬು ಸರಿಯಾದರೆ ತೋಪು ತಪ್ಪು, ತೋಪು ಸರಿಯಾದರೆ ಕಲ್ಲು ತಪ್ಪು. ಎಲ್ಲ ಬಿಂದುವಿನಲ್ಲೂ ಏಳೆಂಟು ಮೀಟರ್ ದೋಷ.

ಕಾರಣ ಹೇಳಿದ್ದು ಕಟ್ಟೆ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಒಬ್ಬ ತಾತ. “ಇದು ಹೊಸಾ ಕಟ್ಟೆ ಕಣಪ್ಪ. ರೋಡು ಅಗಲ ಮಾಡ್ದಾಗ ಹಳೇ ಮರ ಹೋಯ್ತು. ಅದು ಅಲ್ಲಿತ್ತು,” ಅಂತ ರಸ್ತೆಯ ಆ ಬದಿಗೆ ಕೈ ತೋರಿಸಿದರು. ಇಪ್ಪತ್ತು ಮೀಟರ್ ಇರಬಹುದು. ಅರಳಿಕಟ್ಟೆ ಬಿಟ್ಟು ಉಳಿದ ನಾಲ್ಕರಲ್ಲೇ ಕೂಡಿಸಿದೆ. ದೋಷ ಮೂರು ಮೀಟರ್‌ಗೆ ಇಳಿಯಿತು. ಗಡಿ ಕಲ್ಲು, ತೂಬು, ಬಂಡೆ ಇಂಥವು ನಂಬಬಹುದು. ರಸ್ತೆ, ಮರ, ಕಟ್ಟೆ ಬೇಡ.

ಮೂರು ಮೀಟರ್‌ಗಿಂತ ಒಳ್ಳೆಯದು ಈ ನಕ್ಷೆಯಿಂದ ಬರುವುದೂ ಇಲ್ಲ. ಅಳತೆ 1:7920, ಅಂದರೆ ಒಂದು ಇಂಚಿಗೆ 660 ಅಡಿ. ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದ ಮೇಲೆ ಆ ಗೆರೆಯೇ ನಾಲ್ಕು ಮೀಟರ್ ಅಗಲ! ಜೆರಾಕ್ಸ್ ಎಳೆದಾಡಿದ್ದು ಬೇರೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ. ಹೊಲ ಯಾವುದು ಅಂತ ತಿಳಿಯಲು ಅದು ಬಹಳ ಅನುಕೂಲ, ನಾನೂ ದಿನಾ ಬಳಸಿದೆ. ಆದರೆ ನಕ್ಷೆ ನೋಡಿ ಹಾರೆ ಹಾಕುವ ಜಾಗ ಹುಡುಕುವುದು ಬೇರೆ ಮಾತು. ಅದಕ್ಕೆ ಟಿಪ್ಪಣಿಯೇ ಬೇಕು.

ಟಿಪ್ಪಣಿ ಅಂದರೆ ಮೊದಲು ಅಳೆದಾಗ ಒಂದೊಂದು ಸರ್ವೆ ನಂಬರಿಗೂ ಮಾಡಿದ ಕೈಬರಹದ ಚಿತ್ರ. ಚಿತ್ರ ಅಂದಾಜಿನದು, ಪಕ್ಕದಲ್ಲಿ ಬರೆದ ಅಳತೆ ಮಾತ್ರ ನಿಜವಾದ್ದು. ನಮ್ಮದರಲ್ಲಿ ದಕ್ಷಿಣದ ಬದಿಗೆ 7-5, ಪೂರ್ವದ ಬದಿಗೆ 12-5, ನೈರುತ್ಯ ಮೂಲೆಯಿಂದ ಈಶಾನ್ಯ ಮೂಲೆಗೆ ಅಡ್ಡಲಾಗಿ 14-5 ಅಂತಿತ್ತು. ದಕ್ಷಿಣದ ಎರಡು ಕಲ್ಲು ಇವೆ. ಒಂದು ಕಲ್ಲಿನಿಂದ 12-5, ಇನ್ನೊಂದರಿಂದ 14-5 ಟೇಪು ಎಳೆದರೆ ಎರಡೂ ಸೇರುವ ಜಾಗವೇ ಈಶಾನ್ಯದ ಕಲ್ಲು. ಜಿಪಿಎಸ್ ಬೇಕಾಗಿಲ್ಲ, ಝೋನ್ ಬೇಕಾಗಿಲ್ಲ.

ಆದರೆ ಈ ಅಂಕಿಗಳು ಚೈನಿನ, ಅಂದರೆ ಅಳತೆ ಸರಪಳಿಯ, ಲೆಕ್ಕದವು. ಆ ಚೈನು ಯಾವುದು? ಗುಂಟರ್ ಚೈನು 66 ಅಡಿ, ನೂರು ಲಿಂಕು. ನಮ್ಮ ಕಡೆ ಹಳೇ ಸರ್ವೆಯಲ್ಲಿ ಬಳಸಿದ್ದು 33 ಅಡಿಯ ಚೈನು. ಇದನ್ನು ಪಹಣಿಯೇ ಹೇಳಿಬಿಡುತ್ತದೆ. 33 ಅಡಿಗೆ 33 ಅಡಿ ಅಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಹಾಗಾಗಿ ಚೈನನ್ನು ಚೈನಿಂದ ಗುಣಿಸಿದರೆ ನೇರವಾಗಿ ಗುಂಟೆಯೇ ಬರುತ್ತದೆ. 12 ಚಿಲ್ಲರೆಯನ್ನು 7 ಚಿಲ್ಲರೆಯಿಂದ ಗುಣಿಸಿ ನೋಡಿದೆ, ತೊಂಬತ್ತರ ಹತ್ತಿರ. 2 ಎಕರೆ 10 ಗುಂಟೆ ಅಂದರೆ 90 ಗುಂಟೆ. 66 ಅಡಿಯ ಚೈನು ಆಗಿದ್ದರೆ 9 ಎಕರೆ ಆಗಬೇಕಿತ್ತು. ಅಷ್ಟು ಇದ್ದಿದ್ದರೆ ನಾನು ಬೆಂಗಳೂರಿಗೆ ಕೆಲಸಕ್ಕೆ ಯಾಕೆ ಹೋಗುತ್ತಿದ್ದೆ!

ನಾಲ್ಕನೇ ಭಾನುವಾರ, ಬೆಳಿಗ್ಗೆ ಏಳಕ್ಕೆ ಹೊಲ. 33 ಅಡಿ ಅಂದರೆ 10.058 ಮೀಟರ್. 12.5 ಚೈನಿಗೆ 125.73 ಮೀಟರ್, 14.5ಕ್ಕೆ 145.85. ಚಿಕ್ಕಪ್ಪ ಕಲ್ಲಿನ ತಲೆಗೆ ಟೇಪು ಒತ್ತಿ ಹಿಡಿದರು, ನಾನು ಎಳೆದೆ. ಮೂವತ್ತು ಮೀಟರ್‌ಗೊಂದು ಗೂಟ. ನೆಲ ಇಳಿಜಾರು ಇದ್ದ ಕಡೆ ಟೇಪು ನೆಲಕ್ಕೆ ಮಲಗಿಸದೆ ಮಟ್ಟವಾಗಿ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಇಳಿಜಾರಿನ ಉದ್ದವೇ ಲೆಕ್ಕಕ್ಕೆ ಬಂದುಬಿಡುತ್ತದೆ. ಕೊನೆಗೆ ಸುಣ್ಣದಲ್ಲಿ ಎರಡು ಕಮಾನು ಬರೆದೆವು. ಅವು ಸೇರಿದ ಜಾಗ ಒಂದು ಹುತ್ತದ ಪಕ್ಕ, ಲಂಟಾನ ಪೊದೆಯೊಳಗೆ.

ಚಿಕ್ಕಮ್ಮ ಮೊದಲೇ ಹೇಳಿ ಕಳಿಸಿದ್ದರು, ಹುತ್ತ ಮುಟ್ಟಬೇಡಿ ಅಂತ. ಹುತ್ತ ಬಿಟ್ಟು ಅದರ ಬಗಲಲ್ಲಿ ಅಗೆದೆವು. ಮಂಡಿಯುದ್ದ ಗುಂಡಿ ಆಯಿತು. ಜಲ್ಲಿ ಕೆಮ್ಮಣ್ಣು, ಮತ್ತೇನಿಲ್ಲ. ಮಧ್ಯಾಹ್ನದವರೆಗೂ ಗುಂಡಿಯನ್ನು ಸುತ್ತ ಅಗಲ ಮಾಡಿದೆವು. ಚಿಕ್ಕಪ್ಪ ಮಾತಾಡುವುದು ನಿಲ್ಲಿಸಿದರು. ಅದು ಒಳ್ಳೆ ಲಕ್ಷಣ ಅಲ್ಲ.

ಊಟಕ್ಕೆ ಕೂತಾಗ ಟಿಪ್ಪಣಿಯನ್ನು ಮತ್ತೆ ಬಿಡಿಸಿದೆ. ಅದರ ಕೆಳಗೆ ಎಲ್ಲೋ ಒಂದು ಕಡೆ 3-14 ಅಂತ ಬರೆದಿತ್ತು, ಇನ್ನೊಂದು ಕಡೆ 9-11. ಗೆರೆ ನಂತರದ ಅಂಕಿ ಹತ್ತು ದಾಟಿದೆ. ಹದಿನೈದು ದಾಟಿಲ್ಲ. ಮುದ್ದೆ ಕೈಯಲ್ಲೇ ಉಳಿಯಿತು. ಅದು ದಶಮಾಂಶ ಅಲ್ಲ, ಆಣೆ! ಆ ಚೈನಿಗೆ ಹದಿನಾರು ಆಣೆ, ರೂಪಾಯಿಯ ಹಾಗೆ. ಒಂದು ಆಣೆ 63 ಸೆಂಟಿಮೀಟರ್. 12-5 ಅಂದರೆ ಹನ್ನೆರಡೂವರೆ ಚೈನು ಅಲ್ಲ, 12 ಚೈನು 5 ಆಣೆ.

ಬೋರ್‌ವೆಲ್ ಚೀಟಿಯಲ್ಲಿ ಮಾಡಿದ ತಪ್ಪನ್ನೇ ಟಿಪ್ಪಣಿಯಲ್ಲೂ ಮಾಡಿದ್ದೆ. ಅಲ್ಲಿ ಅರವತ್ತನ್ನು ಹತ್ತು ಮಾಡಿದ್ದೆ, ಇಲ್ಲಿ ಹದಿನಾರನ್ನು ಹತ್ತು ಮಾಡಿದ್ದೆ. ಅಲ್ಲಿ 47 ಕಿಲೋಮೀಟರ್ ತಪ್ಪಿತು, ನೋಡಿದ ಕೂಡಲೇ ಗೊತ್ತಾಯಿತು. ಇಲ್ಲಿ ತಪ್ಪಿದ್ದು 1.9 ಮೀಟರ್ ಮಾತ್ರ, ಅದಕ್ಕೇ ಅರ್ಧ ದಿನ ಅಗೆಸಿತು.

ಸರಿ ಲೆಕ್ಕ: 12 ಚೈನು 5 ಆಣೆಗೆ 123.84 ಮೀಟರ್, 14 ಚೈನು 5 ಆಣೆಗೆ 143.96. ಆಣೆ ಸೇರಿಸಿ ಗುಣಿಸಿದರೆ ಈಗ ಸರಿಯಾಗಿ 90 ಗುಂಟೆಯೂ ಬಂತು. ಬೆಳಿಗ್ಗೆ “ತೊಂಬತ್ತರ ಹತ್ತಿರ” ಅಂತ ಬಿಟ್ಟಿದ್ದು ನನ್ನ ಸೋಮಾರಿತನ. 12.5ನ್ನು 7.5ರಿಂದ ಪೂರ್ತಿ ಗುಣಿಸಿದ್ದರೆ 93 ಮುಕ್ಕಾಲು ಬರುತ್ತಿತ್ತು, ಆಗಲೇ ಸಂಶಯ ಬರಬೇಕಿತ್ತು.

ಗುಂಡಿಯಿಂದ ದಕ್ಷಿಣಕ್ಕೆ ಹೊಸ ಗುರುತು ಹಾಕಿದೆವು. ನಾಲ್ಕನೇ ಏಟಿಗೆ ಹಾರೆ ಟಣ್ ಅಂತು. ಕೈಯಲ್ಲೇ ಮಣ್ಣು ಕೆದಕಿದೆವು. ಒಂದು ಮೊಳ ಕೆಳಗೆ, ಸ್ವಲ್ಪ ವಾಲಿಕೊಂಡು, ಕಪ್ಪು ಕಲ್ಲು. ನೀರು ಹಾಕಿ ತೊಳೆದರೆ ತಲೆಯ ಮೇಲೆ ಉಳಿಯಲ್ಲಿ ಕೊರೆದ ಕೂಡು ಗುರುತು. ನಮ್ಮ ಸುಣ್ಣದ ಚುಕ್ಕೆಯಿಂದ ಒಂದು ಗೇಣು ಆಚೆ. ಬೇವಿನ ಮರದಿಂದ ನಾಲ್ಕು ಮೀಟರ್ ದೂರ. ಮರ ನಮ್ಮ ಒಳಗಿಲ್ಲ, ಪಕ್ಕದವರ ಹೊಲದಲ್ಲಿದೆ. ತಾತ ತೋರಿಸಿದ ಮೂಲೆ ನಮ್ಮ ಕಡೆಗೇ ಸ್ವಲ್ಪ ಧಾರಾಳವಾಗಿತ್ತು. ಚಿಕ್ಕಪ್ಪ ಮರವನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ.

ಅವತ್ತು ರಾತ್ರಿ ಇನ್ನೊಂದು ಕುಚೇಷ್ಟೆ. ನಾಲ್ಕು ಮೂಲೆ ಸೇರಿಸಿ ವಿಸ್ತೀರ್ಣ ಕೇಳಿದೆ. ಕ್ಯುಜಿಐಎಸ್ 95 ಗುಂಟೆಗೂ ಮೇಲೆ ತೋರಿಸಿತು. ಚಿಕ್ಕಪ್ಪನ ಮುಖ ಅರಳಿತು, ಐದೂವರೆ ಗುಂಟೆ ಜಾಸ್ತಿ! ನಾನೇ ಕೆಡಿಸಬೇಕಾಯಿತು. ಆ ಪದರವನ್ನು ಹಿನ್ನೆಲೆ ಚಿತ್ರದ 3857 ಲೆಕ್ಕದಲ್ಲಿ ಉಳಿಸಿಬಿಟ್ಟಿದ್ದೆ. ಇಂಟರ್ನೆಟ್ ಮ್ಯಾಪುಗಳು ಬಳಸುವ ಆ ಚಪ್ಪಟೆ ಲೆಕ್ಕ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಲ್ಲವನ್ನೂ ಉಬ್ಬಿಸುತ್ತದೆ. ನಮ್ಮ ಅಕ್ಷಾಂಶದಲ್ಲೇ ವಿಸ್ತೀರ್ಣ ನೂರಕ್ಕೆ ಆರರಷ್ಟು ಉಬ್ಬುತ್ತದೆ. ಮ್ಯಾಪಿನ ಚಿತ್ರ ತೋರಿಸಿ ಸೈಟು ಮಾರುವವರು ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿಕೊಳ್ಳಿ. 32644ಕ್ಕೆ ಬದಲಿಸಿದ ಮೇಲೂ ಎರಡೂವರೆ ಆಣೆ (ಇಲ್ಲಿ ಗುಂಟೆಗೆ ಹದಿನಾರು ಆಣೆ) ಜಾಸ್ತಿ ಉಳಿಯಿತು. ಅದು ಪಟ್ಟಿಯ ಅಂಚಿನ ಗುಣ. ನಡುಗೆರೆಯಲ್ಲಿ ಯುಟಿಎಂ ಸ್ವಲ್ಪ ಕುಗ್ಗಿಸುತ್ತದೆ, ಅಂಚಿನಲ್ಲಿ ನೂರು ಮೀಟರ್‌ಗೆ 9 ಸೆಂಟಿಮೀಟರ್ ಹಿಗ್ಗಿಸುತ್ತದೆ. ಕ್ಯುಜಿಐಎಸ್‌ನಲ್ಲೇ ಇರುವ, ಡಾಲರ್ ಗುರುತಿನ ಏರಿಯಾ ಸೂತ್ರ ಹಾಕಿದರೆ ಭೂಮಿಯ ದುಂಡು ಲೆಕ್ಕಕ್ಕೆ ಹೋಗಿ ಅದೂ ಸರಿಯಾಗುತ್ತದೆ.

ಪಕ್ಕದ ಹೊಲದ ಯಜಮಾನರ ಹತ್ತಿರವೂ ಒಂದು ಸ್ಕೆಚ್ ಇದೆ. ಅವರದು 43ರಲ್ಲಿ. ಇಬ್ಬರ ಹಾಳೆಯನ್ನೂ ಮೇಜಿನ ಮೇಲೆ ಅಂಚಿಗೆ ಅಂಚು ಇಟ್ಟರೆ ನಡುವಿನ ಗೆರೆ ಹೊಂದುವುದಿಲ್ಲ, ಸುಮಾರು ಒಂದೂವರೆ ಡಿಗ್ರಿ ತಿರುಗಿಕೊಂಡಿದೆ. ನೂರಿಪ್ಪತ್ತು ಮೀಟರ್ ಬದಿಗೆ ಅದು ಮೂರು ಮೀಟರ್. ಇದರ ಮೇಲೇ ಹಿಂದೆ ಒಮ್ಮೆ ಮಾತು ಬೆಳೆದಿತ್ತಂತೆ. ಪಟ್ಟಿಯ ಅಂಚಿನಲ್ಲಿ ಕಾಗದದ ಉತ್ತರ ದಿಕ್ಕು ಬೇರೆ, ನಿಜವಾದ ಉತ್ತರ ದಿಕ್ಕು ಬೇರೆ. 43ರಲ್ಲಿ ಒಂದು ಕಡೆಗೆ ವಾಲುತ್ತದೆ, 44ರಲ್ಲಿ ಇನ್ನೊಂದು ಕಡೆಗೆ. ಎರಡನ್ನೂ ಒಂದೇ ಝೋನ್‌ಗೆ ತಂದು ಮೊಬೈಲಿನಲ್ಲಿ ತೋರಿಸಿದೆ. ಗೆರೆಗಳು ಕೂಡಿದವು, ಬೇವಿನ ಮರದ ಮೂಲೆ ಒಂದು ಬಿಟ್ಟು. ಯಜಮಾನರು ಕನ್ನಡಕ ಏರಿಸಿ ನೋಡಿ, “ಮರ ನಮ್ಮದೇ ಅಂತ ನಾನು ಆವತ್ತೇ ಹೇಳಿದ್ನಲ್ಲಪ್ಪಾ,” ಅಂದರು. ಚಿಕ್ಕಪ್ಪ ಅವರಿಗೆ ಕಾಫಿ ಹೇಳಿದರು.

ಐದನೇ ಭಾನುವಾರ ವಾಯವ್ಯದ ಕಲ್ಲಿಗೆ ಇಟ್ಟಿದ್ದೆ. ಟೇಪು ಎಳೆದರೆ ಆ ಜಾಗ ಆಚೆಯವರ ನೀಲಗಿರಿ ಬುಡ್ಡೆಯ ನಡುವೆ ಬೀಳುತ್ತದೆ. ಅಲ್ಲಿ ನಾವು ಅಗೆಯುವುದು ಸರಿಯಲ್ಲ. ಹೇಗೂ ನಮ್ಮ ಅಗೆತಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೇವೆ. ಸರ್ಕಾರಿ ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಎಲ್ಲರ ಎದುರಿಗೆ ಅಳೆದು, ಸಹಿ ಹಾಕಿಸಿಕೊಂಡ ಮೇಲೆಯೇ ಗಡಿ ಗಡಿಯಾಗುವುದು. ಸಿಕ್ಕ ಕಲ್ಲನ್ನು ನೆಟ್ಟಗೆ ಮಾಡೋಣ ಅಂತ ಚಿಕ್ಕಪ್ಪನಿಗೆ ಕೈ ತುರಿಸುತ್ತಿತ್ತು. ಬೇಡ ಅಂದೆ. ವಾಲಿದ ಹಾಗೇ ಬಿಟ್ಟು, ಗುಂಡಿ ಸುತ್ತ ಮುಳ್ಳು ಇಟ್ಟು, ನಾಲ್ಕು ಫೋಟೋ ತೆಗೆದೆವು.

ಆ ಭಾನುವಾರ ಖಾಲಿ ಉಳಿಯಿತಲ್ಲ, ಫೋನು ಹಿಡಿದು ಪೂರ್ವಕ್ಕೆ ನಡೆದೆ. 77.99950. 77.99980. ಬಂಡಿದಾರಿ ದಾಟಿ ಒಂದು ಹಿಪ್ಪುನೇರಳೆ ತೋಟ. ಅದರ ಬದುವಿನ ಮೇಲೆ 77.99999. ಇನ್ನೊಂದು ಹೆಜ್ಜೆ, 78.00000. ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ತಲೆ ಎತ್ತಿ, “ಏನ್ ಹುಡುಕ್ತಿದ್ದೀಯಪ್ಪಾ?” ಅಂದರು. ಏನು ಹೇಳುವುದು? ಬೋರ್ ಪಾಯಿಂಟ್ ಅಂದೆ. “ಇಲ್ಲಿ ಮೂರು ಹಾಕ್ಸಿದ್ವಿ, ಇಲ್ಲ ನೀರು,” ಅಂತ ಹೇಳಿ ಮತ್ತೆ ಸೊಪ್ಪಿಗೆ ಬಗ್ಗಿದರು.